ಹೊಸ ರೈಫಲ್ಲು, ಮನೆಯಲ್ಲಿ ತುಂಬಿದ ತೋಟಾ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೊರಡುವ ಮೊದಲ ದಿನ ಎಷ್ಟೋ ಹಳ್ಳಿ ಶಾಲೆಗಳು ರಜೆ ಕೊಡುತ್ತಿದ್ದವು. 2018ರವರೆಗೆ ಆ ದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಬರುತ್ತಿತ್ತು. 2019ರಿಂದ ಹಬ್ಬದ ನಂತರದ ಶನಿವಾರಕ್ಕೆ ಬಂದಿದೆ. ನವೆಂಬರ್ ಕೊನೆಯ ಚಳಿಯಲ್ಲಿ ಮರಕ್ಕೆ ಒರಗಿ ಕೂತ ಬೇಟೆಗಾರನಿಗೆ ಬಿಳಿಬಾಲದ ಜಿಂಕೆ ಸರಿಯಾಗಿ ಕಾಣಿಸುವುದು ಕೆಲವೇ ಕ್ಷಣ. ಗುಂಡು ತಾಗಬೇಕಾದ ಜಾಗ, ಅಂದರೆ ಹೃದಯ ಮತ್ತು ಶ್ವಾಸಕೋಶ ಇರುವ ಎದೆಗೂಡು, ಒಂದು ಊಟದ ತಟ್ಟೆಯಷ್ಟು ಅಗಲ. ಅಲ್ಲಿ ತಾಗಿದರೆ ಪ್ರಾಣಿ ಬೇಗ ಸಾಯುತ್ತದೆ. ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ಬಿದ್ದರೆ ಜಿಂಕೆ ಪೊದೆಯೊಳಗೆ ನುಗ್ಗಿ ಗಂಟೆಗಟ್ಟಲೆ ನರಳುತ್ತದೆ, ಹಲವು ಸಲ ಸಿಗುವುದೇ ಇಲ್ಲ. ಹೊಸ ರೈಫಲ್ ಕೊಂಡವರು ಬೇಸಿಗೆಯಿಂದಲೇ ಅದರ ಹಿಂದೆ ಬೀಳುವುದಕ್ಕೆ ಕಾರಣ ಈ ಒಂದು ಗೇಣು.

ಇಂಥ ಬೇಟೆಗೆ ಅಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ತೋಟಾ .30-06, ಅಲ್ಲಿನವರ ಬಾಯಲ್ಲಿ ‘ಥರ್ಟಿ ಆಟ್ ಸಿಕ್ಸ್’. 1906ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ ಇದು ಎರಡು ಮಹಾಯುದ್ಧಗಳನ್ನು ಕಂಡಿತು, ಬೇಟೆಗಾರರ ಕೈಯನ್ನೂ ಸೇರಿತು. ಗುಂಡಿನ ವ್ಯಾಸ 0.308 ಅಂಗುಲ, ಅಂದರೆ 7.8 ಮಿಲಿಮೀಟರ್. ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳು ಸಾಮಾನ್ಯವಾಗಿ 10 ಅಂಗುಲಕ್ಕೆ ಒಂದು ಸುತ್ತು ಬರುತ್ತವೆ. ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಬರುವ ಗುಂಡು ಆ ಲೆಕ್ಕದಲ್ಲಿ ನಿಮಿಷಕ್ಕೆ 1,90,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಇಷ್ಟು ವೇಗವಾಗಿ ತಿರುಗುವ ಲೋಹದ ತುಂಡಿನಲ್ಲಿ ಕೂದಲೆಳೆಯಷ್ಟು ಓರೆಕೋರೆ ಇದ್ದರೂ ದೂರದಲ್ಲಿ ಅದು ಎದ್ದು ಕಾಣುತ್ತದೆ.

ಹೊಸ ನಳಿಗೆಯನ್ನು ಪಳಗಿಸಬೇಕು ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ. ಪದ್ಧತಿ ಸರಳ. ಒಂದು ಗುಂಡು ಹಾರಿಸುವುದು, ನಳಿಗೆ ಶುಚಿ ಮಾಡುವುದು. ಮತ್ತೊಂದು ಹಾರಿಸುವುದು, ಮತ್ತೆ ಶುಚಿ ಮಾಡುವುದು. ಐದರಿಂದ ಹತ್ತು ಗುಂಡು ಹೀಗೆ ಆದಮೇಲೆ ಮೂರು ಮೂರು ಗುಂಡಿಗೊಮ್ಮೆ ಶುಚಿ.

ಇದರ ಹಿಂದಿನ ತರ್ಕ ನಳಿಗೆಯ ಗಂಟಲಲ್ಲಿದೆ. ತೋಟಾ ಕೂರುವ ಮನೆಯಿಂದ ಗುಂಡು ಸುರುಳಿ ಗೀರುಗಳಿಗೆ ಹತ್ತುವ ಜಾಗವೇ ಗಂಟಲು. ಅದನ್ನು ಕೊರೆಯುವ ರೀಮರ್ ತಿರುಗುತ್ತ ಹೋಗುವುದರಿಂದ ಅದರ ಗುರುತುಗಳು ಗುಂಡು ಸಾಗುವ ದಿಕ್ಕಿಗೆ ಅಡ್ಡವಾಗಿ ಉಳಿಯುತ್ತವೆ. ಒಳ್ಳೆಯ ತಯಾರಕರು ನಳಿಗೆಯ ಉಳಿದ ಉದ್ದವನ್ನು ಸೀಸದ ಅಚ್ಚು ಮತ್ತು ಉಜ್ಜುಪುಡಿ ಹಾಕಿ ಉದ್ದುದ್ದಕ್ಕೆ ನಯ ಮಾಡಿರುತ್ತಾರೆ, ಆದರೆ ಗಂಟಲು ಕೊರೆಯುವುದು ಅದಾದ ಮೇಲೆ. ಈ ಅಡ್ಡ ಗೀರುಗಳು ಗುಂಡಿನ ತಾಮ್ರದ ಹೊದಿಕೆಯನ್ನು ಕೆರೆಯುತ್ತವೆ, ಕೆರೆದ ತಾಮ್ರ ಮುಂದೆ ಹೋಗಿ ನಳಿಗೆಯ ಗೋಡೆಗೆ ಅಂಟುತ್ತದೆ. ಶುಚಿ ಮಾಡುತ್ತ ಹಾರಿಸಿದರೆ ಪ್ರತಿ ಗುಂಡೂ ಗಂಟಲನ್ನು ಒಂದಿಷ್ಟು ಉಜ್ಜಿ ನಯ ಮಾಡುತ್ತದೆ ಎಂಬುದು ಕ್ರೀಗರ್‌ನಂಥ ನಳಿಗೆ ತಯಾರಕರು ಕೊಡುವ ವಿವರಣೆ.

ಶುಚಿ ಮಾಡುವಾಗ ಬಟ್ಟೆಯ ಚೂರುಗಳೇ ಕಥೆ ಹೇಳುತ್ತವೆ. ಅಮೋನಿಯಾ ಇರುವ ದ್ರಾವಣದಲ್ಲಿ ಅದ್ದಿದ ಚೂರನ್ನು ಸರಳಿನ ತುದಿಗೆ ಸಿಕ್ಕಿಸಿ ಹಿಂದಿನಿಂದ ದೂಡಿದರೆ ಮೊದಲನೆಯದು ಸುಟ್ಟ ಮದ್ದಿನ ಮಸಿಯಿಂದ ಕಪ್ಪಾಗಿ ಹೊರಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ದೂಡಿದ ಇನ್ನೊಂದರಲ್ಲಿ ನೀಲಿ ಗೆರೆಗಳಿರುತ್ತವೆ. ಅದು ಕರಗಿದ ತಾಮ್ರ. ನೀಲಿ ಬರುವುದು ನಿಂತರೆ ನಳಿಗೆ ಶುಚಿಯಾಯಿತು. ಕಂಚಿನ ಬ್ರಷ್ಷು ಬಳಸಿದ್ದರೆ ಅದರ ತಾಮ್ರವೂ ಕರಗಿ ನೀಲಿ ಕೊಡುತ್ತದೆ, ಹೊಸಬರು ಅದನ್ನೇ ನಳಿಗೆಯ ತಾಮ್ರ ಎಂದುಕೊಂಡು ಸಂಜೆತನಕ ಉಜ್ಜುವುದುಂಟು.

ಇದರಿಂದ ನಿಜಕ್ಕೂ ಲಾಭ ಇದೆಯೇ? ರೈಫಲ್ ತಯಾರಿಕೆಯಲ್ಲಿ ದೊಡ್ಡ ಹೆಸರಾಗಿದ್ದ ಗೇಲ್ ಮೆಕ್‌ಮಿಲನ್ ಇಲ್ಲ ಎನ್ನುತ್ತಿದ್ದರು. ನಳಿಗೆಗೆ ಇರುವುದೇ ಇಷ್ಟು ಗುಂಡುಗಳ ಆಯುಸ್ಸು, ಪಳಗಿಸುವ ಹೆಸರಲ್ಲಿ ಅದನ್ನೇ ಕಳೆಯುತ್ತೀರಿ ಎಂಬುದು ಅವರ ವಾದ. ಒಂದೇ ನಳಿಗೆಯನ್ನು ಪಳಗಿಸಿಯೂ ಪಳಗಿಸದೆಯೂ ಹೋಲಿಸಿ ನೋಡಲು ಬರುವುದಿಲ್ಲವಾದ್ದರಿಂದ ಈ ಜಗಳ ಬಗೆಹರಿಯುವುದು ಕಷ್ಟ. ಮೊದಲ ಇಪ್ಪತ್ತು ಗುಂಡುಗಳಲ್ಲಿ ನಾಲ್ಕಾರು ಸಲ ಶುಚಿ ಮಾಡಿ, ತಾಮ್ರ ಎಷ್ಟು ಹಿಡಿಯುತ್ತದೆಂದು ನೋಡಿಕೊಂಡರೆ ಬೇಟೆಯ ರೈಫಲ್ಲಿಗೆ ಅಷ್ಟು ಸಾಕು. ಒರಟಾದ ಸರಳನ್ನು ಬಾಯಿಯ ಕಡೆಯಿಂದ ತೂರಿಸಿ ನಳಿಗೆಯ ತುದಿ ಸವೆಸುವುದು ಶುಚಿ ಮಾಡದಿರುವುದಕ್ಕಿಂತ ದೊಡ್ಡ ಹಾನಿ.

ಹೆಚ್ಚು ಶ್ರಮಕ್ಕೆ ಯೋಗ್ಯವಾದ ಕೆಲಸ ಮನೆಯಲ್ಲೇ ತೋಟಾ ತುಂಬುವುದು, ಅಂದರೆ ಹಿತ್ತಾಳೆಯ ಕೇಸಿಗೆ ಕಿಡಿ ಕೊಡುವ ಕೇಪು, ಮದ್ದು, ಗುಂಡು ಕೂರಿಸುವುದು. ಕಾರ್ಖಾನೆಯ ತೋಟಾ ಆ ಅಳತೆಯ ಎಲ್ಲ ರೈಫಲ್ಲುಗಳಿಗೂ ಹೊಂದಬೇಕು. ಶತಮಾನದಷ್ಟು ಹಳೆಯ ಸೈನ್ಯದ ರೈಫಲ್ಲಿನಲ್ಲೂ ಸುರಕ್ಷಿತವಾಗಿ ಸಿಡಿಯಬೇಕು. ಮನೆಯಲ್ಲಿ ತುಂಬುವವರಿಗೆ ಈ ಕಟ್ಟುಪಾಡಿಲ್ಲ. ಅವರ ತೋಟಾ ಒಂದೇ ಒಂದು ರೈಫಲ್ಲಿಗೆ.

ನಮ್ಮ ಮಲೆನಾಡು, ಕೊಡಗಿನ ಹಿರಿಯರಿಗೆ ಇದು ತೀರಾ ಅಪರಿಚಿತವಲ್ಲ. ಕೇಪಿನ ಕೋವಿಯ ಕಾಲದಲ್ಲಿ ಮದ್ದು ಅಳೆದು ಸುರಿಯುವುದು, ಗುಂಡು ಅಥವಾ ಚರೆ ಹಾಕಿ ಗಿಡಿಯುವುದು, ಕೇಪು ಕೂರಿಸುವುದು ಎಲ್ಲವೂ ಕೋವಿ ಹಿಡಿದವನದೇ ಕೆಲಸ. ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ಕೋವಿ ಪರವಾನಗಿಯ ವಿನಾಯಿತಿ ಇಂದಿಗೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆದರೆ ಭಾರತದಲ್ಲಿ ಮದ್ದುಗುಂಡು ತಯಾರಿಸಲು 1959ರ ಶಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿದೆ. ಇಲ್ಲಿ ಹೇಳುತ್ತಿರುವುದು ಅಮೆರಿಕದ ರೂಢಿ.

ಅಲ್ಲಿ ಈ ರೂಢಿ ಮನೆಮನೆಗೆ ಹರಡಿದ್ದು ಎರಡನೇ ಮಹಾಯುದ್ಧದ ನಂತರ. ಸೈನ್ಯದ ಬಳಿ ರಾಶಿ ಬಿದ್ದಿದ್ದ 4895 ಎಂಬ ಹೊಗೆರಹಿತ ಮದ್ದನ್ನು ಕಾನ್ಸಾಸ್‌ನ ಬ್ರೂಸ್ ಹಾಜ್ಡನ್ ಕೊಂಡು ಕಡಿಮೆ ಬೆಲೆಗೆ ಅಂಚೆಯಲ್ಲಿ ಮಾರತೊಡಗಿದರು. ನೆಬ್ರಾಸ್ಕಾದ ಜಾಯ್ಸ್ ಹಾರ್ನಡಿ 1949ರಲ್ಲಿ ಗುಂಡು ತಯಾರಿಸುವ ಕಂಪನಿ ಕಟ್ಟಿದರು. ಬೇಟೆಗಾರ ಜಾನ್ ನಾಸ್ಲರ್ ಕಥೆ ಇನ್ನೂ ಸ್ವಾರಸ್ಯದ್ದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಜಿಂಕೆಯೊಂದರ, ಕೆಸರು ಒಣಗಿ ಗಟ್ಟಿಯಾಗಿದ್ದ ಚರ್ಮದ ಮೇಲೆ ಅವರ ಗುಂಡುಗಳು ಒಳಹೋಗದೆ ಒಡೆದುಹೋದವು. ಮನೆಗೆ ಬಂದು ಅವರು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟರು: ಮುಂದಿನ ಭಾಗದ ಸೀಸ ಹೂವಿನಂತೆ ಅರಳಿದರೂ ಹಿಂದಿನ ಭಾಗ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುತ್ತದೆ. 1948ರಲ್ಲಿ ಮಾರಾಟಕ್ಕೆ ಬಂದ ಆ ‘ಪಾರ್ಟಿಶನ್’ ಗುಂಡು ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಬೇಟೆಗೆ ತೋಟಾ ತುಂಬುವವರು ಮೊದಲು ಇಂಥ ಗುಂಡನ್ನು ಆರಿಸಿಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು.

ತೋಟಾದಲ್ಲಿ ಮತ್ತೆ ಮತ್ತೆ ಬಳಕೆಗೆ ಬರುವುದು ಹಿತ್ತಾಳೆಯ ಕೇಸು. ಸಿಡಿದಾಗ ಅದು ಉಬ್ಬಿ ಆ ರೈಫಲ್ಲಿನ ಮನೆಯ ಗೋಡೆಗೆ ಒತ್ತಿಕೊಂಡು ಅದರದೇ ಅಚ್ಚಾಗುತ್ತದೆ. ಅದಕ್ಕೆ ಎಣ್ಣೆ ಸವರಿ ಪ್ರೆಸ್ಸಿನ ಡೈಯೊಳಗೆ ಒತ್ತಿ ಅಳತೆಗೆ ತರುತ್ತಾರೆ; ಅದೇ ಒತ್ತಿಗೆ ಹಳೆಯ ಕೇಪು ಉದುರುತ್ತದೆ. ಹೀಗೆ ಸುಲಭವಾಗಿ ಉದುರುವುದು ಕೇಸಿನ ತಳದ ನಟ್ಟನಡುವೆ ಒಂದೇ ತೂತು ಇರುವುದರಿಂದ. ಈ ಮಾದರಿಯ ಕೇಪು 1860ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ್ದು, ಬೇರೂರಿದ್ದು ಅಮೆರಿಕದಲ್ಲಿ. ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ ಎರಡು ಸಣ್ಣ ತೂತುಗಳ ಮಾದರಿ ಯುರೋಪಿನಲ್ಲಿ ನಿಂತಿತು. ಬರ್ಡನ್ ಕೇಸುಗಳಿಂದ ಹಳೆಯ ಕೇಪು ತೆಗೆಯುವುದು ಹೈರಾಣದ ಕೆಲಸ.

ಪ್ರತಿ ಸಲ ಸಿಡಿದಾಗಲೂ ಹಿತ್ತಾಳೆ ಉದ್ದಕ್ಕೆ ಹಿಗ್ಗುತ್ತದೆ, ತಳದ ಹತ್ತಿರ ತೆಳುವಾಗುತ್ತದೆ. ಹೊರಗೆ ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಅನುಭವಿಗಳು ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಇಳಿಬಿಟ್ಟು ಗೋಡೆಯುದ್ದಕ್ಕೂ ಎಳೆದು ನೋಡುತ್ತಾರೆ. ಉಂಗುರದ ಜಾಗದಲ್ಲಿ ತಂತಿ ತಗ್ಗಿಗೆ ಸಿಕ್ಕಿ ತಡೆದರೆ ಆ ಕೇಸಿನ ಕಾಲ ಮುಗಿಯಿತು. ಇನ್ನೊಂದು ಸಲ ಹಾರಿಸಿದರೆ ಅದು ಎರಡು ತುಂಡಾಗಿ, ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು.

ಮದ್ದಿನ ವಿಷಯದಲ್ಲಿ ಅಂದಾಜಿಗೆ ಜಾಗವೇ ಇಲ್ಲ. .30-06ರ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡು, ಅದು ಹಾರಿಸುವವರ ಮುಖದಿಂದ ಕೆಲವೇ ಅಂಗುಲ ಮುಂದೆ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7,000 ಗ್ರೇನ್. ಮದ್ದು ಮತ್ತು ಗುಂಡಿನ ಕಂಪನಿಗಳು ಒತ್ತಡ ಅಳೆದು ಪ್ರಕಟಿಸುವ ಕೈಪಿಡಿಯಲ್ಲಿ ಕನಿಷ್ಠದ ಅಂಕಿಯಿಂದ ಶುರು ಮಾಡಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಮೇಲೆ ಹೋಗುತ್ತಾರೆ. ಕೇಪು ಚಪ್ಪಟೆಯಾಗುವುದು, ಬೋಲ್ಟು ಎತ್ತಲು ಬಿಗಿಯಾಗುವುದು ಒತ್ತಡ ಮೀರಿದ ಗುರುತು. ಆದರೆ ಇವು ಕಾಣಿಸುವ ಹೊತ್ತಿಗೆ ಮಿತಿ ದಾಟಿಯೇ ಇರಬಹುದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು. ಪಿಸ್ತೂಲಿನ ಬೇಗ ಉರಿಯುವ ಮದ್ದು ರೈಫಲ್ ಕೇಸಿಗೆ ಬಿದ್ದರೆ ರೈಫಲ್ಲೇ ಒಡೆಯುತ್ತದೆ.

ಇನ್ನು ಯಾವ ಅಳತೆ ಒಳ್ಳೆಯದು ಎಂಬ ಹುಡುಕಾಟ. ಮದ್ದನ್ನು ಹೆಜ್ಜೆಹೆಜ್ಜೆಗೆ ಏರಿಸಿ ದೂರದ ಹಾಳೆಯ ಮೇಲೆ ಗುಂಡುಗಳು ಏರುವ ಬಗೆ ನೋಡುವ ‘ಏಣಿ’ ಪರೀಕ್ಷೆಯನ್ನು ಗುರಿಕಾರ ಕ್ರೈಟನ್ ಆಡೆಟ್ ಜನಪ್ರಿಯಗೊಳಿಸಿದರು. ಬಹುತೇಕ ಬೇಟೆಗಾರರು ಮಾತ್ರ ಪ್ರತಿ ಅಳತೆಗೆ ಮೂರು ಗುಂಡು ಹಾರಿಸಿ, ಹಾಳೆಯ ಮೇಲೆ ತೂತುಗಳ ಅತಿ ಚಿಕ್ಕ ಗುಂಪು ಕೊಟ್ಟದ್ದನ್ನು ಆರಿಸಿಕೊಳ್ಳುತ್ತಾರೆ. ದೊಡ್ಡ ತಪ್ಪು ನಡೆಯುವುದು ಇಲ್ಲೇ. ರೈಫಲ್ಲೂ ತೋಟಾವೂ ಒಂದೇ ಇದ್ದಾಗ, ಮೂರು ಗುಂಡಿನ ಗುಂಪು ಸರಾಸರಿ ಒಂದು ಅಂಗುಲ ಬಂದರೆ ಐದು ಗುಂಡಿನದು ಸುಮಾರು 1.3 ಅಂಗುಲ, ಹತ್ತು ಗುಂಡಿನದು ಸುಮಾರು 1.6 ಅಂಗುಲ ಆಗುತ್ತದೆ. ಇದು ಬರೀ ಸಂಭವನೀಯತೆಯ ಗಣಿತ. ಮೂರು ಗುಂಡಿನ ಗುಂಪು ಒಮ್ಮೆ ಅರ್ಧ ಅಂಗುಲ, ಮರುಕ್ಷಣ ಒಂದೂವರೆ ಅಂಗುಲ ಬರುವುದೂ ಅದೇ ಗಣಿತ. ಚಿಕ್ಕದನ್ನು ಜೇಬಿನಲ್ಲಿಟ್ಟುಕೊಂಡು, ದೊಡ್ಡದಕ್ಕೆ ಗಾಳಿಯನ್ನು ಬೈದವರು ತಮ್ಮ ರೈಫಲ್ಲನ್ನು ಎಂದೂ ಅರಿಯುವುದಿಲ್ಲ. ಹಾರ್ನಡಿ ಕಂಪನಿಯ ಎಂಜಿನಿಯರುಗಳೇ ಈಚೆಗೆ ಇದನ್ನು ಬಿಡಿಸಿ ಹೇಳತೊಡಗಿದ್ದಾರೆ. ಆಗ ಹಲವರ ಮೆಚ್ಚಿನ ‘ಗುಟ್ಟಿನ ಅಳತೆ’ಗಳು ಬರೀ ಅದೃಷ್ಟವೆಂದು ತಿಳಿದವು.

ಮ್ಯಾಸಚೂಸೆಟ್ಸ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಹೀಗೆ ಅದೃಷ್ಟ ನಂಬದೆ ಲೆಕ್ಕ ಇಟ್ಟು ನೋಡುವ ಶಿಸ್ತಿನ ಹಿರಿಯ. ಗುಂಡು ಹಾರುವ ದಾರಿಯಲ್ಲಿ ಸಾಲಾಗಿ ಕಾಗದದ ಪರದೆ ಕಟ್ಟಿ, ನಳಿಗೆಯನ್ನು ಅಲುಗದಂತೆ ಬಿಗಿದು, ಬೇಕೆಂದೇ ಊನ ಮಾಡಿದ ಗುಂಡುಗಳನ್ನು ಹಾರಿಸಿ ಅವರು ವರ್ಷಗಟ್ಟಲೆ ಲೆಕ್ಕ ಇಟ್ಟರು. ಫಲಿತಾಂಶ 1909ರಲ್ಲಿ ಪುಸ್ತಕವಾಯಿತು. ಗುಂಡಿನ ಮೂತಿ ಜಜ್ಜಿದರೂ ಅಷ್ಟು ಕೆಡುಕಿಲ್ಲ, ತಳದ ಅಂಚು ಕೆಟ್ಟರೆ ಗುಂಡು ದಾರಿ ಬಿಡುತ್ತದೆ ಎಂದು ಅವರು ತೋರಿಸಿದರು. ಇಂದು ಗುಂಡನ್ನು ಕೇಸಿನ ಕುತ್ತಿಗೆಗೆ ಕೂರಿಸುವಾಗ ತಳ ಕೆರೆಯದಂತೆ ಅಂಚನ್ನು ಒಳಗಿನಿಂದ ಸವರುವುದು ಇದೇ ಕಾರಣಕ್ಕೆ.

ಬೇಟೆಯ ತೋಟಾಕ್ಕೆ ಇನ್ನೊಂದು ಪರೀಕ್ಷೆ ಉಳಿಯುತ್ತದೆ. ಹಲವು ಮದ್ದುಗಳು ಚಳಿಯಲ್ಲಿ ಮೆಲ್ಲಗೆ ಉರಿಯುತ್ತವೆ; ಜುಲೈ ಬಿಸಿಲಲ್ಲಿ ಆರಿಸಿದ ಅಳತೆ ನವೆಂಬರ್‌ನಲ್ಲಿ ಅದೇ ವೇಗ ಕೊಡಬೇಕೆಂದಿಲ್ಲ. ಹಾಜ್ಡನ್ ಕಂಪನಿ ‘ಎಕ್ಸ್‌ಟ್ರೀಮ್’ ಹೆಸರಲ್ಲಿ ಮಾರುವ ಆಸ್ಟ್ರೇಲಿಯಾದ ಮದ್ದುಗಳು ತಾಪಮಾನಕ್ಕೆ ಕಡಿಮೆ ಬಾಗುತ್ತವೆ. ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯಿಂದ ಹೊರಡುವ ಮೊದಲ ಗುಂಡು. ಆದ್ದರಿಂದ ಜಾಣ ಬೇಟೆಗಾರರು ಅಕ್ಟೋಬರ್‌ನ ಚಳಿಯ ಬೆಳಗುಗಳಲ್ಲಿ ಗುಂಡು ಹಾರಿಸುವ ಬಯಲಿಗೆ ಹೋಗಿ ಒಂದೇ ಗುಂಡು ಹಾರಿಸಿ ವಾಪಸಾಗುತ್ತಾರೆ. ಮರುವಾರ ಅದೇ ಹಾಳೆಗೆ ಇನ್ನೊಂದು, ಅದರ ಮರುವಾರ ಮತ್ತೊಂದು. ಹಾಳೆಯ ಮೇಲೆ ಹೀಗೆ ಕೂಡಿದ ತೂತುಗಳನ್ನು ಅಳೆದು, ಎಷ್ಟು ದೂರದವರೆಗೆ ಟ್ರಿಗರ್ ಎಳೆಯಬಹುದು, ಎಲ್ಲಿಂದಾಚೆ ಜಿಂಕೆಯನ್ನು ಬಿಟ್ಟುಬಿಡಬೇಕು ಎಂದು ತೀರ್ಮಾನಿಸುತ್ತಾರೆ.