ಟೊಮೇಟೊ ಹಣ್ಣನ್ನು ಹೆಪ್ಪುಗಟ್ಟಿಸಿ ಇಡುವ ಕ್ರಮ ಮತ್ತು ಅದರ ಪಾಕ

ಅಡುಗೆಮನೆಗೆ ನಿತ್ಯವೂ ಬೇಕಾಗುವ ಪದಾರ್ಥಗಳಲ್ಲಿ ಟೊಮೇಟೊ ಹಣ್ಣಿನಷ್ಟು ಬೆಲೆಯ ಏರಿಳಿತಕ್ಕೆ ಸಿಕ್ಕುವಂಥವು ವಿರಳ. 2023ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಕಿಲೋ ಒಂದಕ್ಕೆ ನೂರು ರೂಪಾಯಿಗಳನ್ನು ದಾಟಿದ ಈ ಹಣ್ಣನ್ನೇ, ಸುಗ್ಗಿ ಅತಿಯಾದಾಗ, ಸಾಗಿಸಿದ ಕೂಲಿಯೂ ಹುಟ್ಟದೆಂದು ರೈತರು ರಸ್ತೆಯ ಬದಿಗೆ ಸುರಿದುದುಂಟು. ಟೊಮೇಟೊ ವ್ಯಾಪಾರಕ್ಕೆ ಹೆಸರಾದ ಕೋಲಾರದ ಮಾರುಕಟ್ಟೆ ಈ ಎರಡು ಸ್ಥಿತಿಗಳನ್ನೂ ಕಂಡಿದೆ. ಅಗ್ಗವಾದಾಗ ಕೊಂಡು ಅಭಾವದ ಕಾಲಕ್ಕೆ ಉಳಿಸಿಕೊಳ್ಳುವುದು ಗೃಹಕೃತ್ಯದ ಹಳೆಯ ನೀತಿ. ಹಿಂದೆ ಬಿಸಿಲು, ಉಪ್ಪು, ಎಣ್ಣೆಗಳಿಂದ ಸಾಧಿಸುತ್ತಿದ್ದ ಈ ಕಾರ್ಯಕ್ಕೆ ಇಂದು ರೆಫ್ರಿಜರೇಟರಿನ ಫ್ರೀಜರ್ ಭಾಗವೂ ಒದಗುತ್ತದೆ.

ಆದರೆ ಹೀಗೆ ಇಟ್ಟವರಲ್ಲಿ ಅನೇಕರು, ಹೊರತೆಗೆದ ಹಣ್ಣು ಮೆತ್ತಗಾಗಿ ನೀರೊಡೆಯಿತೆಂದು ಅದನ್ನು ಎಸೆದುಬಿಡುತ್ತಾರೆ. ಹಣ್ಣು ನಿಜವಾಗಿ ಕೆಟ್ಟಿತೆ? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಟೊಮೇಟೊ ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 94 ಭಾಗ ನೀರು. ಈ ನೀರು ಸಣ್ಣ ಸಣ್ಣ ಜೀವಕೋಶಗಳಲ್ಲಿ ತುಂಬಿದ್ದು, ಕೋಶಗಳ ಭಿತ್ತಿಗಳನ್ನು ಒಳಗಿನಿಂದ ಒತ್ತಿ ಹಿಡಿದಿರುತ್ತದೆ. ಹಣ್ಣಿನ ಬಿಗಿತಕ್ಕೆ ಇದೇ ಕಾರಣ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಜೊತೆಗೆ ಹಿಮದ ಹರಳುಗಳು ಬೆಳೆದು ಭಿತ್ತಿಗಳನ್ನು ಸೀಳುತ್ತವೆ. ಶೈತ್ಯವು ನಿಧಾನವಾಗಿ ಹಬ್ಬಿದಷ್ಟೂ ಹರಳುಗಳು ದೊಡ್ಡವಾಗುತ್ತವೆ, ಹಾನಿಯೂ ಹೆಚ್ಚು. ಕಾರ್ಖಾನೆಗಳಲ್ಲಿ ಅತಿ ಶೀಘ್ರವಾಗಿ ಹೆಪ್ಪುಗಟ್ಟಿಸುವುದು ಈ ಕಾರಣದಿಂದಲೇ. ಮನೆಯ ಯಂತ್ರಕ್ಕೆ ಆ ವೇಗವಿಲ್ಲ. ಆದುದರಿಂದ ಕರಗಿದ ಹಣ್ಣು ಮೆತ್ತಗಾಗುವುದು ಕೊಳೆತದ ಲಕ್ಷಣವಲ್ಲ, ಭಿತ್ತಿಗಳು ಒಡೆದುದರ ಲಕ್ಷಣ. ಫ್ರೀಜರ್ ಉಳಿಸಿಕೊಡುವುದು ಹಣ್ಣಿನ ರಸ, ಹುಳಿ, ಬಣ್ಣಗಳನ್ನು, ಆಕಾರವನ್ನಲ್ಲ. ಇದನ್ನರಿತವರು ಕೋಸಂಬರಿಗೆ ತಾಜಾ ಹಣ್ಣನ್ನೂ, ಸಾರು, ಗೊಜ್ಜುಗಳಿಗೆ ಹೆಪ್ಪುಗಟ್ಟಿದುದನ್ನೂ ಬಳಸುತ್ತಾರೆ.

ಇನ್ನು ಇಡುವ ಕ್ರಮವನ್ನು ನೋಡೋಣ. ಚೆನ್ನಾಗಿ ಮಾಗಿ ಇನ್ನೂ ಗಟ್ಟಿಯಾಗಿರುವ ಹಣ್ಣುಗಳನ್ನು ಆರಿಸಬೇಕು. ಕೊಳೆತುದನ್ನು ಶೈತ್ಯ ಸರಿಪಡಿಸಲಾರದು. ಅದು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವೆಲ್ಲವನ್ನೂ ಕೊಲ್ಲುವುದಿಲ್ಲ. ಹಣ್ಣನ್ನು ತೊಳೆದು, ಬಟ್ಟೆಯಿಂದ ಒರೆಸಿ, ತೊಟ್ಟಿನ ಭಾಗವನ್ನು ಕೊರೆದು ತೆಗೆಯಬೇಕು. ಇಡಿಯಾಗಿಯೋ ಹೋಳುಮಾಡಿಯೋ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿಯನ್ನು ಹೊರದೂಡಿ ಕಟ್ಟಬೇಕು. ಹೀಗೆ ಮಾಡಿದರೆ ಹಣ್ಣುಗಳು ಒಂದೇ ಗಡ್ಡೆಯಾಗದೆ, ಬೇಕಾದಷ್ಟನ್ನೇ ತೆಗೆಯಲು ಅನುಕೂಲವಾಗುತ್ತದೆ. ರುಬ್ಬಿ ಇಡುವವರು ಡಬ್ಬಿಯನ್ನು ಕಂಠದವರೆಗೆ ತುಂಬದೆ, ಹಿಗ್ಗುವುದಕ್ಕೆ ಎಡೆ ಬಿಡಬೇಕು. ಇಲ್ಲವಾದರೆ ಗಾಜಿನ ಪಾತ್ರೆ ಸೀಳುತ್ತದೆ. ಬೇಯಿಸಿಯೇ ಉಣ್ಣುವ ಹಣ್ಣಾದುದರಿಂದ ಮೊದಲು ಕುದಿನೀರಿನಲ್ಲಿ ಅದ್ದುವ ಅಗತ್ಯವಿಲ್ಲ.

ಶೈತ್ಯದ ಪ್ರಮಾಣವೂ ಮುಖ್ಯ. ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೈತ್ಯವು ದೀರ್ಘಕಾಲದ ಸಂಗ್ರಹಕ್ಕೆ ಒಪ್ಪಿತವಾದ ಮಟ್ಟ. ಅಲ್ಲಿ ಹಣ್ಣು ಎಂಟು ತಿಂಗಳಾದರೂ ಉಳಿಯುತ್ತದೆ. ಒಂದೇ ಬಾಗಿಲಿನ ಸಣ್ಣ ಯಂತ್ರಗಳ ಹಿಮಕೋಣೆ ಎಲ್ಲವೂ ಆ ಮಟ್ಟವನ್ನು ಮುಟ್ಟುವುದಿಲ್ಲ. ಅಂಥವುಗಳಲ್ಲಿ ಇಟ್ಟುದನ್ನು ಒಂದೆರಡು ತಿಂಗಳಲ್ಲಿ ಮುಗಿಸುವುದು ಲೇಸು. ವಿದ್ಯುತ್ತು ನಿಂತಾಗ ಬಾಗಿಲನ್ನು ತೆರೆಯಬಾರದು. ಅಗತ್ಯವಾದ ಶೈತ್ಯವನ್ನು ಮುಟ್ಟಿದ್ದ, ತುಂಬಿದ ಪ್ರತ್ಯೇಕ ಫ್ರೀಜರ್ ಮುಚ್ಚಿದ್ದರೆ ಸುಮಾರು ಎರಡು ದಿನ ಶೈತ್ಯವನ್ನು ಹಿಡಿದಿಡುತ್ತದೆ. ಅರ್ಧ ತುಂಬಿದುದು ಒಂದು ದಿನ ಮಾತ್ರ.

ಪಾಕದ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಅಂಶವೊಂದಿದೆ. ಹಣ್ಣಿನ ರಸಕ್ಕೆ ಮಂದತೆಯನ್ನು ಕೊಡುವುದು ಪೆಕ್ಟಿನ್ ಎಂಬ ದ್ರವ್ಯ. ಅದನ್ನು ತುಂಡರಿಸುವ ಕಿಣ್ವಗಳೂ ಅದೇ ಹಣ್ಣಿನಲ್ಲಿವೆ. ಭಿತ್ತಿಗಳು ಒಡೆದ ಹಣ್ಣನ್ನು ನಿಧಾನವಾಗಿ ಕರಗಲು ಬಿಟ್ಟರೆ ಕಿಣ್ವಗಳು ಪೆಕ್ಟಿನ್ನಿನ ಮೇಲೆ ಕೆಲಸಮಾಡಿ ರಸವನ್ನು ತೆಳ್ಳಗಾಗಿಸುತ್ತವೆ. ಕುದಿಯುವ ಮಟ್ಟದ ಶಾಖ ತಾಗಿದೊಡನೆ ಆ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಗಟ್ಟಿಯಾದ ತಿರುಳನ್ನು ತಯಾರಿಸುವ ಕಾರ್ಖಾನೆಗಳು ಹಣ್ಣನ್ನು ಜಜ್ಜಿದ ಕೂಡಲೆ ಕಾಯಿಸುವುದು ಇದಕ್ಕಾಗಿಯೇ. ಮನೆಯಲ್ಲಿಯೂ ಹಣ್ಣನ್ನು ಹೆಪ್ಪುಗಟ್ಟಿದ ಸ್ಥಿತಿಯಲ್ಲಿಯೇ ಒಲೆಗೆ ಹಾಕುವುದು ಉತ್ತಮ.

ಸಾರಿಗಾದರೆ ಕುದಿಯುವ ಬೇಳೆಕಟ್ಟಿಗೆ ಹಣ್ಣನ್ನು ನೇರವಾಗಿ ಸೇರಿಸಬಹುದು. ಇಡಿಯ ಹಣ್ಣನ್ನು ಕ್ಷಣಕಾಲ ಬಿಸಿನೀರಿನಲ್ಲಿ ಹಿಡಿದರೆ ಸಿಪ್ಪೆ ತಾನಾಗಿಯೇ ಕಳಚಿಕೊಳ್ಳುತ್ತದೆ. ಗೊಜ್ಜಿಗಾದರೆ ಮೊದಲು ಬೇರೆ ಪಾತ್ರೆಯಲ್ಲಿ ಬೇಯಿಸಿ, ನೀರನ್ನು ಇಂಗಿಸಿ, ಆಮೇಲೆ ಒಗ್ಗರಣೆಗೆ ಸೇರಿಸಬೇಕು. ಹಿಮ ಹಿಡಿದ ಹೋಳು ಕಾದ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ. ಒಡೆದು ಹರಿದ ರಸವನ್ನು ಚೆಲ್ಲಬಾರದು. ಹುಳಿಯೂ ರುಚಿಯೂ ಬಹುಮಟ್ಟಿಗೆ ಅದರಲ್ಲಿಯೇ ಇರುತ್ತವೆ. ಮಾರುಕಟ್ಟೆಯಲ್ಲಿ ನಾಟಿ ಎಂದು ಕರೆಯುವ ರಸಭರಿತ ಹುಳಿಹಣ್ಣು ಸಾರಿಗೂ, ದಪ್ಪ ತಿರುಳಿನ ಹೈಬ್ರಿಡ್ ಹಣ್ಣು ಗೊಜ್ಜಿಗೂ ಹೆಚ್ಚು ಒಪ್ಪುತ್ತವೆ. ತಾಜಾ ಹಣ್ಣಿನ ಹಸಿರು ಪರಿಮಳ ಕುಂದುತ್ತದೆ, ಸಿ ಜೀವಸತ್ತ್ವ ದಿನ ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತದೆ. ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪೀನ್ ಬಹುಪಾಲು ಉಳಿಯುತ್ತದೆ. ಎಣ್ಣೆಯೊಡನೆ ಬೆಂದಾಗ ದೇಹಕ್ಕೆ ಅದು ಇನ್ನೂ ಸುಲಭವಾಗಿ ದಕ್ಕುತ್ತದೆ.

ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಒಂದೇ ರಾಶಿಯ ಹೆಪ್ಪುಗಟ್ಟಿದ ಹಣ್ಣುಗಳನ್ನು ಸಮತೂಕದ ಎರಡು ಪಾಲು ಮಾಡಿ, ಒಂದನ್ನು ರಾತ್ರಿಯೆಲ್ಲ ರೆಫ್ರಿಜರೇಟರಿನಲ್ಲಿ ಕರಗಿಸಿ, ಇನ್ನೊಂದನ್ನು ನೇರವಾಗಿ, ಸಮಾನ ಕಾಲ ಕುದಿಸಿ, ಎರಡನ್ನೂ ಒಂದೇ ಸಮನಾಗಿ ಅರೆದು ಸೋಸಿ, ಆರಿದ ಮೇಲೆ ಓರೆಯಾದ ಗಾಜಿನ ಹಲಗೆಯ ಮೇಲೆ ಒಂದೊಂದು ಚಮಚೆಯನ್ನು ಹರಿಯಬಿಟ್ಟರೆ ಸಾಕು. ಯಾವುದು ಬೇಗ ಹರಿಯಿತೆಂಬುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡು, ಕಾರಣವನ್ನು ತಾವೇ ಹೇಳಬಲ್ಲವರಾಗುತ್ತಾರೆ. ಒಂದು ಹಣ್ಣು ಮೆತ್ತಗಾಯಿತೆಂದು ತಿಪ್ಪೆಗೆ ಹೋಗುವ ಬದಲು ಒಲೆಗೆ ಹೋದರೆ, ಈ ಚಿಕ್ಕ ಪ್ರಯೋಗ ಸಾರ್ಥಕವಾದಂತೆಯೇ ಸರಿ.