ಕಿತ್ತಯ್ಯನಿಗೆ ತಾರೀಖು ಇಲ್ಲ

ಜೂನ್ 27 ಬಂದರೆ ಯಲಹಂಕ ನಾಡಪ್ರಭು ಕೆಂಪೇಗೌಡರ ಜಯಂತಿ. ಅವರಿಗಿಂತ ಸುಮಾರು 800 ವರ್ಷ ಹಿಂದಿನ ಹೆಬ್ಬಾಳದ ಕಿತ್ತಯ್ಯನಿಗೆ ಯಾವ ದಿನ?

2018ರಲ್ಲಿ ಸಿಕ್ಕ ಅವನ ವೀರಗಲ್ಲು ಹೇಳೋದು ಇಷ್ಟು: ಗಂಗರ ಶ್ರೀಪುರುಷ ಆಳುವಾಗ, ಪೆರ್ಬೊಳಲ್‌ನಾಡಿನ ಮೇಲೆ ರಟ್ಟವಾಡಿ ದಾಳಿ ಆದಾಗ ಕಾದಿ ಸತ್ತ. (ಪಾಲು ಹಾಲಾದ ಹಾಗೆ ಪೆರ್ಬೊಳಲು ಹೆಬ್ಬಾಳ ಆಯ್ತು.)

ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇದ್ದಿದ್ದರೆ ಪಂಚಾಂಗದ ಲೆಕ್ಕ ಹಾಕಿ ಇಂಗ್ಲಿಷ್ ತಾರೀಖು ತೆಗೀಬಹುದಿತ್ತು. ಇಲ್ಲಿ ಅವು ಯಾವುವೂ ಇಲ್ಲ. ಉಳಿದಿರೋ ಆಧಾರ ಎರಡೇ: ರಾಜನ ಹೆಸರು, ಅಕ್ಷರಗಳ ಆಕಾರ. ಅವುಗಳಿಂದ ಸುಮಾರು ಕ್ರಿ.ಶ. 750 ಅಂತೀವಿ.

‘ಇತಿಹಾಸದಲ್ಲಿ ಈ ದಿನ’ ಪಟ್ಟಿಗಾಗಿ ಅವನಿಗೊಂದು ತಾರೀಖು ಹುಟ್ಟಿಸಬೇಡಿ. ಆ ‘ಸುಮಾರು’ ಕೂಡ ಶಾಸನ ಓದಿದ್ದರ ಫಲವೇ, ಅದನ್ನ ಬಿಡಬೇಡಿ.