ಮಂದ್ರದ ಸದ್ದಿಗೆ ನ್ಯಾನೊ ಪರದೆ

ಕಾರಿನ ಬಾಗಿಲು, ಛಾವಣಿ, ನೆಲಹಾಸುಗಳ ಒಳಗೆ ನಮ್ಮ ಕಣ್ಣಿಗೆ ಬೀಳದ ಒಂದು ಮೆತ್ತನೆಯ ಹಾಸು ಇರುತ್ತದೆ. ಮಗ್ಗ ಹತ್ತದೆ, ನಾರುಗಳನ್ನು ಸೂಜಿಯಿಂದ ಚುಚ್ಚಿಯೋ ಶಾಖ ಕೊಟ್ಟೋ ಬೆಸೆದ ಈ ನಾನ್‌ವೋವನ್ ಬಟ್ಟೆಯ ಕೆಲಸ ಸದ್ದು ಹೀರುವುದು. ಗಾಳಿಯ ಸುಂಯ್ ಎನ್ನುವ ತಾರಸ್ಥಾಯಿಯನ್ನು ಅದು ಸಲೀಸಾಗಿ ಹೀರುತ್ತದೆ. ಚಕ್ರಗಳ ಗುಂಯ್‌ಗುಡುವ ಮಂದ್ರದ ಎದುರು ಸೋಲುತ್ತದೆ. ದೂರ ಪ್ರಯಾಣದಲ್ಲಿ ಮೈಮನಸ್ಸನ್ನು ದಣಿಸುವುದು ಆ ಮಂದ್ರವೇ. ಎಂಜಿನ್ ಸದ್ದಿಲ್ಲದ ವಿದ್ಯುತ್ ಕಾರುಗಳಲ್ಲಂತೂ ಅದು ಇನ್ನಷ್ಟು ಎದ್ದು ಕೇಳುತ್ತದೆ.

ಸೋಲಿಗೆ ಕಾರಣ ಅಲೆಯ ಉದ್ದ. ನಾರುಗಳ ನಡುವೆ ಓಲಾಡುವ ಗಾಳಿ ಅವುಗಳಿಗೆ ಉಜ್ಜಿದಾಗ ಸದ್ದು ಶಾಖವಾಗುತ್ತದೆ. ಆದರೆ ಗಟ್ಟಿ ಗೋಡೆಗೆ ತಾಗಿದ ಗಾಳಿ ಓಲಾಡುವುದೇ ಇಲ್ಲ. ಓಲಾಟ ಜೋರಾಗುವುದು ಗೋಡೆಯಿಂದ ಕಾಲು ಅಲೆಯಷ್ಟು ಈಚೆಗೆ. 1000 ಹರ್ಟ್ಜ್‌ಗೆ ಈ ದೂರ ಸುಮಾರು 8.5 ಸೆಂ.ಮೀ., 250 ಹರ್ಟ್ಜ್‌ಗೆ 34 ಸೆಂ.ಮೀ. ಒಂದಡಿ ದಪ್ಪದ ಹಾಸಿಗೆ ಯಾವ ಬಾಗಿಲಲ್ಲಿ ಜಾಗವಿದೆ?

ಇದಕ್ಕೊಂದು ಸೊಗಸಾದ ಉತ್ತರ ಜೆಕ್ ದೇಶದ ಹಳೆಯ ಜವಳಿ ಊರು ಲಿಬೆರೆಟ್ಸ್‌ನಿಂದ ಬಂತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓಲ್ದ್ರಿಖ್ ಯಿರ್ಸಾಕ್ ಅವರ ತಂಡ, 2000ರ ದಶಕದಲ್ಲಿ, ಪಾಲಿಮರ್ ದ್ರಾವಣದಲ್ಲಿ ಅರ್ಧ ಮುಳುಗಿ ತಿರುಗುವ ಉರುಳೆಗೆ ಭಾರೀ ವೋಲ್ಟೇಜ್ ಕೊಟ್ಟು, ಮೈಯೆಲ್ಲ ಎಳೆ ಚಿಮ್ಮುವ ಯಂತ್ರವನ್ನು ರೂಪಿಸಿತು. ಎಳೆಗಳ ದಪ್ಪ ಕೆಲವು ನೂರು ನ್ಯಾನೊಮೀಟರ್; ನಮ್ಮ ತಲೆಗೂದಲು ಅದಕ್ಕಿಂತ ನೂರಾರು ಪಟ್ಟು ದಪ್ಪ. ಅಲ್ಲಿಯೇ ಕ್ಲಾರಾ ಕಾಲಿನೊವಾ ಈ ಎಳೆಗಳ ತೆಳು ಪದರವನ್ನು ಸದ್ದು ಹೀರುವ ಬಟ್ಟೆಗೆ ಹೊಂದಿಸಿದರು.

ಚದರ ಮೀಟರಿಗೆ ಕೆಲವೇ ಗ್ರಾಂ ತೂಗುವ ಈ ಪದರ ಮೃದಂಗದ ಚರ್ಮದಂತೆ ಮಂದ್ರಕ್ಕೆ ಮಿಡಿಯುತ್ತದೆ. ಆ ಮಿಡಿತವನ್ನು ಹಿಂದಿನ ನಾನ್‌ವೋವನ್ ತಡೆದು ಶಾಖವಾಗಿಸುತ್ತದೆ. ತಾರಸ್ಥಾಯಿಯನ್ನು ನಾರುಗಳು ಎಂದಿನಂತೆ ನೋಡಿಕೊಳ್ಳುತ್ತವೆ. ಈ ಕೆಲಸದ ಹಂಚಿಕೆಯೇ ನನಗೆ ಇದರಲ್ಲಿ ಅತ್ಯಂತ ಚೆಂದ ಕಂಡದ್ದು: ತೂಕ, ದಪ್ಪ ಎರಡೂ ಹೆಚ್ಚದೆ ಹಾಸಿನ ಹರವು ಹಿಗ್ಗುತ್ತದೆ. ಆದರೆ ಪದರ ತೀರಾ ಒತ್ತಾದರೆ ತಾರದ ಸದ್ದು ಒಳಗೇ ಹೋಗದೆ ಮರಳಿ ಚಿಮ್ಮುತ್ತದೆ, ಹದ ಮುಖ್ಯ.

ತೊಡಕುಗಳೂ ಇವೆ. ಪದರ ಉಜ್ಜಿದರೆ ಕಿತ್ತುಬರುತ್ತದೆ, ಹಾಗಾಗಿ ಎರಡು ಹಾಸುಗಳ ನಡುವೆ ಇಡಬೇಕು. ಪಾಲಿವಿನೈಲ್ ಆಲ್ಕೋಹಾಲ್ ಎಳೆಯಾದರೆ ನೀರಿನಲ್ಲಿ ಕರಗದಂತೆ ಮೊದಲೇ ಪಕ್ವಗೊಳಿಸಬೇಕು. ಇನ್ನೊಂದು, ಪರೀಕ್ಷೆಯದು: ಪ್ರಯೋಗಾಲಯದ ಕೊಳವೆಯಲ್ಲಿ ಸದ್ದು ಅಂಗೈಯಗಲದ ತುಂಡಿಗೆ ನೇರವಾಗಿ ಬಡಿಯುತ್ತದೆ, ಕಾರಿನೊಳಗೆ ಎಲ್ಲ ದಿಕ್ಕಿನಿಂದ ಬರುತ್ತದೆ. ಕೊಳ್ಳುವ ಕಂಪನಿಗಳು ಕೊಳವೆಯ ಅಂಕಿಗೆ ಒಪ್ಪಿಬಿಡದೆ, ಅನುರಣನ ಕೋಣೆಯಲ್ಲಿ ಇಡೀ ಹಾಸನ್ನು ಹರಡಿ ಅಳೆದ ಅಂಕಿಯನ್ನೂ ಕೇಳಬೇಕು.